ಬಾಯಿ ಒಬ್ಬಾಕಿದು, ದನಿ ಇನ್ನೊಬ್ಬಾಕಿದು

ಹಾಡಿದವಳನ್ನು ಮರೆಗೆ ಸರಿಸಿ, ಬರೀ ಬಾಯಿ ಆಡಿಸಿದವಳನ್ನು ಟಿವಿಯಲ್ಲಿ ಕೂರಿಸಿದರು. ಇದು ಕಳವು. ನಗುನಗುತ್ತ ಮಾಡುವ ಕಳವಾದ್ದರಿಂದ ನಮ್ಮಲ್ಲಿ ನಡೆಯುತ್ತಲೇ ಇರುತ್ತದೆ.

ಎಂಬತ್ತರ ದಶಕದ ಕೊನೆಗೆ ಕೊಪ್ಪಳದಲ್ಲಿ ಮದುವೆ ವಿಡಿಯೋ ತೆಗೆಯುವವನೊಬ್ಬನಿಗೆ ಹಾಡಿನ ವಿಡಿಯೋ ಮಾಡುವ ಹುಚ್ಚು ಹತ್ತಿತು. ಸಿನಿಮಾದ್ದಲ್ಲ, ನಮ್ಮದೇ ಹಾಡು. ಕೂಲಿಕಾರರ ಸಂಘದಲ್ಲಿದ್ದ ನಾನೇ ಹಿಟ್ನಾಳದ ಕೂಲಿ ಹೆಣ್ಣುಮಗಳೊಬ್ಬಳನ್ನು ಅವನ ಬಳಿ ಕರೆದೊಯ್ದೆ. ಭತ್ತದ ಸಸಿ ಹಚ್ಚುತ್ತ ತಾನೇ ಕಟ್ಟಿದ ಹಾಡು ಆಕೆ ಹೇಳಿದರೆ ಗದ್ದೆಯೇ ಸುಮ್ಮನಾಗುತ್ತಿತ್ತು. ಆತ ಮೊದಲು ಟೇಪಿನಲ್ಲಿ ದನಿ ಹಿಡಿದುಕೊಂಡ. "ಚಿತ್ರ ಆಮ್ಯಾಲೆ ತಗಿಯೂಣು, ಯಕ್ಕಾ" ಅಂದ. ಆಕೆ ಓಣಿಗೆಲ್ಲ ಹೇಳಿಬಂದಳು: "ನಾ ಟಿವ್ಯಾಗ ಬರ್ತೀನಿ."

ಮಂಜು

ಹಾಡಿನ ವಿಡಿಯೋ ಅಂದಮೇಲೆ ಮಂಜು ಬೇಕಂತೆ. ವಿಡಿಯೋದವನು ಹಿಟ್ನಾಳಕ್ಕೆ ಬಂದು ನಡುಮಧ್ಯಾಹ್ನ ಹಸಿ ಹುಲ್ಲಿಗೆ ಬೆಂಕಿ ಇಟ್ಟ. ಆ ಹೊಗೆಯಲ್ಲಿ ಗಂಗಾವತಿಯಿಂದ ಕರೆಸಿದ ನಾಟಕದ ಹುಡುಗಿ ಮುಗುಳ್ನಗುತ್ತ ನಿಂತಳು. ಬಣವಿಗೆ ಬೆಂಕಿ ಬಿತ್ತೆಂದು ಊರವರು ಕೊಡ ಹಿಡಿದು ಓಡಿಬಂದು ಹುಲ್ಲು, ಹುಡುಗಿ ಎರಡನ್ನೂ ತೋಯಿಸಿದರು.

"ಅದು ಮಂಜ್ರೀ" ಎಂದು ವಿಡಿಯೋದವನು ಬಾಯಿ ಬಡಕೊಂಡ.

ಖಾಲಿ ಕೊಡ ಹಿಡಿದ ಮುದುಕಿಯೊಬ್ಬಳು ಹೇಳಿದಳು, "ಈ ಬಿಸಲಾಗ ಮಂಜು ಬೀಳಸಾಕ ಬರ್ತೈತಂದ್ರ, ಮೊದಲ ನಮ್ಮ ಮ್ಯಾಲೆ ಬೀಳಸಪಾ."

ನಮ್ಮ ಹಾಡುಗಾರ್ತಿ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಕಾದಿದ್ದಳು. "ನನ್ನ ಪಾಳಿ ಯಾವಾಗಪಾ?"

"ನಾಳೆ, ಯಕ್ಕಾ."

ಮೆಲ್ಲಕ

ಮರುದಿನ ನಾಟಿಯ ಚಿತ್ರ. ಎಲ್ಲ ನಿಧಾನವಾಗಿ ಕಾಣಬೇಕು, ಅವನ ಕ್ಯಾಮೆರಾಕ್ಕೆ ಅದು ಬಾರದು. ಅದಕ್ಕೆ ಹೆಣ್ಣುಮಕ್ಕಳಿಗೇ ನಿಧಾನ ಮಾಡಲು ಹೇಳಿದ. ಒಂದು ಸಸಿ ಊರಿ, ಹತ್ತು ಎಣಿಸಿ, ಇನ್ನೊಂದು.

ಗದ್ದೆಯ ಧಣಿ ಬದುವಿನ ಮೇಲಿಂದ ಕೂಗಿದ, "ಯಾಕ್ರಬೇ, ನಿದ್ದಿ ಹತ್ತೈತೇನು?"

"ವಿಡಿಯೋರಿ, ಧಣೇರ" ಎಂದರು ಹೆಣ್ಣುಮಕ್ಕಳು.

ಧಣಿ ಟೊಪ್ಪಿಗೆ ಸರಿಮಾಡಿಕೊಂಡು ತಾನೂ ಮೆಲ್ಲಗೆ ನಡೆಯತೊಡಗಿದ. ಕೂಲಿಯವರಿಗೆ ಅರ್ಧ ತಾಸು ದಣಿವಾರಿಸಿಕೊಳ್ಳಲು ಬಿಡಿರೆಂದು ನಾನು ವರ್ಷಗಟ್ಟಲೆ ಅರಚಿದ್ದೆ. ಕ್ಯಾಮೆರಾ ಇಡೀ ಮಧ್ಯಾಹ್ನ ಕೊಡಿಸಿತು.

ಹಾಡುಗಾರ್ತಿ ತನ್ನ ಪಾಳಿ ಮತ್ತೆ ಕೇಳಿದಳು. ವಿಡಿಯೋದವನು ಈ ಸಲ ನಾಳೆ ಅನ್ನಲಿಲ್ಲ. "ನಿಮ್ಮ ಮಾರಿ ಬಿಸಲಿಗೆ ಕಪ್ಪಾಗೈತ್ರಿ. ದನಿ ಅಷ್ಟ ಸಾಕು." ನಾನು ಅವನಿಗೆ ಬೈದೆ. ಆಕೆ ನನ್ನ ತೋಳು ಹಿಡಿದಳು. "ಬಿಡಪಾ, ಪೂರಾ ಆಗ್ಲಿ. ನೋಡೂಣು."

ಗುಂಡಿ

ಒಂದು ಸಂಜೆ ಚಾವಡಿಯಲ್ಲಿ ಟಿವಿ ಇಟ್ಟರು. ಓಣಿಯೆಲ್ಲ ಬಂತು. ಒಂದೇ ಹಾಡಿನಲ್ಲಿ ನಾಲ್ಕು ಸೀರೆ ಬದಲಾಯಿಸಿ, ಮದುವೆ ವಿಡಿಯೋದಲ್ಲಿ ಬರುವಂಥ ಗುಲಾಬಿ ಹೂವಿನೊಳಗೆ ಮೂಡಿ, ನಾಟಕದ ಹುಡುಗಿ ಬಾಯಿ ಆಡಿಸಿದಳು.

"ನೀ ಎಲ್ಲದೀಬೇ?" ಎಂದು ಓಣಿಯವರು ಕೇಳಿದರು. ಯಾರೋ ಕಿಸಕ್ಕೆಂದರು.

ಆಕೆ ತಲೆ ತಗ್ಗಿಸಲಿಲ್ಲ. "ಇನ್ನೊಮ್ಮಿ ಹಚ್ಚಪಾ" ಅಂದಳು. ಹಚ್ಚಿದ. ಎದ್ದುಹೋಗಿ ಟಿವಿಯ ದನಿಯ ಗುಂಡಿಯನ್ನು ದನಿ ಪೂರಾ ಅಡಗುವ ತನಕ ತಿರುಗಿಸಿಬಿಟ್ಟಳು. ಗುಲಾಬಿಯೊಳಗಿನ ಬಾಯಿ ನೀರಿಂದ ತೆಗೆದ ಮೀನಿನ ಹಾಗೆ ಬಿಚ್ಚಿ ಮುಚ್ಚಿತು. ಚಾವಡಿ ಬಿದ್ದುಬಿದ್ದು ನಕ್ಕಿತು. ಆಕೆ ಟಿವಿಯ ಪಕ್ಕ ನಿಂತು ಹಾಡು ಎತ್ತಿದಳು. ಆಮೇಲೆ ಒಬ್ಬರೂ ಟಿವಿಯತ್ತ ನೋಡಲಿಲ್ಲ.

"ಯಕ್ಕಾ, ನನ್ನ ವಿಡಿಯೋ ಕೆಡಿಸಿದ್ರಲ್ರಿ" ಎಂದ ಅವನು.

"ನಂದು ನಾ ತಗೊಂಡೀನಿ. ಉಳಿದದ್ದು ಎಲ್ಲಾ ನಿಂದ, ಮನಿಗಿ ಒಯ್ಯಿ."

ನಿಮ್ಮ ಟಿವಿಗೂ ಆ ಗುಂಡಿ ಇದೆ. ಹಾಡಿದವಳು ಯಾರೆಂದು ಕೇಳಿ. ಹೇಳದಿದ್ದರೆ, ಎದ್ದು ತಿರುಗಿಸಿ.