ವಿಲಿಸೋನಿಯ ಕೃತಜ್ಞತಾ ವರದಿ

'ನಾನು ಅತ್ಯಂತ ಕೃತಜ್ಞನಾಗಿದ್ದೇನೆ' ಎಂದು ಬರೆದ ಮೇಲೆ ವಿಲಿಸೋನಿಯ ಪೆನ್ನು ಮುಂದಕ್ಕೆ ಹೋಗಲಿಲ್ಲ. ಯಾರಿಗೆ, ಯಾತಕ್ಕೆ ಎಂಬುದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಆಕ್ಲೆಂಡಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಅವನನ್ನು ಬೇಸಿಗೆ ರಜೆಯ ಹತ್ತು ವಾರದ ಇಂಟರ್ನ್‌ಶಿಪ್‌ಗೆಂದು ನಿಯುವೆ ದ್ವೀಪದ ಈ ಹಳ್ಳಿಗೆ ಅಟ್ಟಿದ್ದರು. ಚರ್ಚಿನ ಯುವಕ ಸಂಘವನ್ನು ಮುನ್ನಡೆಸುವುದು ಅವನ ಕೆಲಸ. ಮಂಗಳವಾರದ ವಿಮಾನ ಹತ್ತುವಾಗ ಅವನ ಕೈಯಲ್ಲಿ ಎರಡು ಕಾಗದ ಇರಬೇಕಿತ್ತು. ಒಂದು, ಸಂಘದ ಮುಂದೆ ಓದಿದ ಕೃತಜ್ಞತಾ ವರದಿ. ಇನ್ನೊಂದು, 'ಈತ ಯುವಕ ಸಂಘವನ್ನು ಒಮ್ಮೆಯಾದರೂ ಮುನ್ನಡೆಸಿದ್ದಾನೆ' ಎಂದು ಪಾದ್ರಿಗಳು ಹಾಕಿದ ಸಹಿ. ಸಹಿ ಇಲ್ಲದಿದ್ದರೆ ಮುಂದಿನ ಬೇಸಿಗೆಯಲ್ಲಿ ಮತ್ತೆ ಇದೇ ಊರು. ಇವತ್ತು ಕೊನೆಯ ಭಾನುವಾರ, ಇಲ್ಲಿಯತನಕ ಅವನು ಯಾರನ್ನೂ ಮುನ್ನಡೆಸಿರಲಿಲ್ಲ.

ಮುನ್ನಡೆಸುವುದಾದರೂ ಹೇಗೆ? ಸಂಘದಲ್ಲಿದ್ದದ್ದು ಒಂಬತ್ತು ಜನ ಯುವಕರು. ಅವರಲ್ಲಿ ತೀರಾ ಎಳೆಯವರಿಗೆ ನಲವತ್ತೇಳು. ಅಧ್ಯಕ್ಷ ಟೋಗಿಯನಿಗೆ ಐವತ್ತೆಂಟು. ಕಾರ್ಯದರ್ಶಿ ಅಟಲೋಮಾಗೆ ಅರವತ್ತೊಂದು, ಮೊಮ್ಮಕ್ಕಳು ಆರು. ಬಂದ ದಿನ ಗೊತ್ತಿಲ್ಲದೆ ಆಕೆಯನ್ನು "ಅಜ್ಜಿ" ಎಂದು ಕರೆದ ತಪ್ಪಿಗೆ ವಿಲಿಸೋನಿ ಮೂರು ದಿನ ತೆಂಗಿನಕಾಯಿ ತುರಿದಿದ್ದ. ಅಂದಿನಿಂದ ಆಕೆ "ಅಕ್ಕ".

ಊರಿನ ಕಟ್ಟಳೆ ಸರಳವಾಗಿತ್ತು. ಹಿರಿಯರು ಕೂತು ಉಣ್ಣಬೇಕು, ಯುವಕರು ಬಡಿಸಬೇಕು. ಯುವಕರಲ್ಲಿ ಯಾರು ಕಿರಿಯರೋ ಅವರು ಉಳಿದವರ ಪಾಲಿನ ಕೆಲಸವನ್ನೂ ಮಾಡಬೇಕು. ಇಪ್ಪತ್ತೆರಡು ವರ್ಷದ ಪ್ರಾಣಿಯೊಂದು ವಿಮಾನದಿಂದ ಇಳಿದು ಬಂದದ್ದನ್ನು ನೋಡಿ ಒಂಬತ್ತೂ ಜನ ದೇವರಿಗೆ ಕೈ ಮುಗಿದಿದ್ದರು. ಹತ್ತು ವಾರಕ್ಕೆಂದು ಅವನು ಹತ್ತು ಪಾಠ ಬರೆದು ತಂದಿದ್ದ. ಅವುಗಳಲ್ಲಿ ಎಂಟರಿಂದ ಅಟಲೋಮಾ ಒಲೆ ಹೊತ್ತಿಸಿದ್ದಳು.

"ಏನ್ ಮಗಾ ಬರೀತಿದ್ದೀಯ?" ಅಟಲೋಮಾ ಬೆನ್ನ ಹಿಂದೆ ಬಂದು ಬಗ್ಗಿದಳು.

"ಕೃತಜ್ಞತೆ ಅಕ್ಕ."

"ನನ್ನ ಹೆಸರೇ ಇಲ್ವಲ್ಲೋ! ತಿಂದಿದ್ದು ನೆನಪಿಲ್ವಾ? ನನ್ನ ತಾಕಿಹಿ ಅಂತ ದೊಡ್ಡದಾಗಿ ಬರಿ. ಬರ್ದಾದ್ಮೇಲೆ ಎದ್ದು ಕಾಯಿ ತುರಿ, ತಾಕಿಹಿಗೆ ಹಾಲು ಸಾಲದು."

ಕೆಸುವಿನ ಗೆಡ್ಡೆ, ಪಪ್ಪಾಯಿಯ ಬಿಲ್ಲೆಗಳನ್ನು ತೆಂಗಿನ ಹಾಲಿನಲ್ಲಿ ನೆನೆಸಿ, ಎಲೆಯಲ್ಲಿ ಸುತ್ತಿ, ನೆಲದೊಳಗಿನ ಒಲೆಯಲ್ಲಿ ಬೇಯಿಸಿದ ತಾಕಿಹಿ ರುಚಿಯಾಗಿತ್ತು, ನಿಜ. ಆದರೆ ಪ್ರತಿ ಸಲವೂ ಅದನ್ನು ಸುತ್ತಿದ್ದೂ ಬೇಯಿಸಿದ್ದೂ ವಿಲಿಸೋನಿಯೇ. ತನ್ನ ಕೈಯಡುಗೆಗೆ ತಾನೇ ಕೃತಜ್ಞತೆ ಬರೆಯಬೇಕೆಂದರೆ ಯಾರಿಗೆ ಮೈ ಉರಿಯುವುದಿಲ್ಲ?

"ಅಕ್ಕ, ಇವತ್ತು ನಾಲ್ಕು ಗಂಟೆಗೆ ನನ್ನ ಪಾಠ. ನೀವೆಲ್ಲ ಬರಲೇಬೇಕು."

"ಬರ್ತೀವಿ, ಬರ್ತೀವಿ. ಕುರ್ಚಿ ಹಾಕಿರು. ದಿಂಬು ಇರೋ ಕುರ್ಚಿ ನಂದು."

ಪ್ರಾರ್ಥನೆ ಮುಗಿಯಿತು. ಹಿರಿಯರ ಪಂಕ್ತಿಗೆ ಬಡಿಸಿ, ಎಲೆಯಿಂದ ನೊಣ ಓಡಿಸಿ, ಎಂಜಲು ಎತ್ತುವಷ್ಟರಲ್ಲಿ ಮೂರೂವರೆ. ಈ ನಡುವೆ ವರದಿಯ ಮೇಲೆ ತೆಂಗಿನ ಹಾಲು ಚೆಲ್ಲಿ 'ಕೃತಜ್ಞನಾಗಿದ್ದೇನೆ' ಎಂಬುದೂ ಅಳಿಸಿಹೋಗಿತ್ತು. ಅದಕ್ಕೆ ಅವನಿಗೆ ಅಂಥ ಬೇಸರವೇನೂ ಆಗಲಿಲ್ಲ.

ನಾಲ್ಕಕ್ಕೆ ಒಬ್ಬರೂ ಇಲ್ಲ. ನಾಲ್ಕೂವರೆಗೆ ಮನೆ ಮನೆಗೆ ಹೋಗಿ ಯುವಕರನ್ನು ನಿದ್ದೆಯಿಂದ ಎಬ್ಬಿಸಿಕೊಂಡು ಬಂದ. ಒಬ್ಬರಿಗೆ ಕನ್ನಡಕ ಹುಡುಕಿಕೊಟ್ಟ, ಇನ್ನೊಬ್ಬರಿಗೆ ರಕ್ತದೊತ್ತಡದ ಮಾತ್ರೆ. ಪಾದ್ರಿಗಳು ಸಹಿ ಹಾಕಲು ಪೆನ್ನು ಹಿಡಿದು ಮೂಲೆಯಲ್ಲಿ ಕುಳಿತರು. ಚಹಾ ಸಿಗುತ್ತದೆಂದು ಹಿರಿಯರೂ ಬಂದು ಮುಂದಿನ ಬೆಂಚು ಹಿಡಿದರು.

ವಿಲಿಸೋನಿ ಗಂಟಲು ಸರಿಮಾಡಿಕೊಂಡ. "ಇಂದಿನ ಪಾಠ: ಯುವಕರೇ, ಎದ್ದು ನಿಲ್ಲಿ!"

ಯಾರೂ ಏಳಲಿಲ್ಲ.

"ಕೂತ್ಕೊಂಡು ಮಾಡೋ ಪಾಠ ಯಾವ್ದೂ ಇಲ್ವಾ ತಮ್ಮಾ?" ಟೋಗಿಯ ಮೊಣಕಾಲು ನೀವಿಕೊಂಡ. "ಅಂದ್ಹಾಗೆ, ಚಹಾಕ್ಕೆ ನೀರಿಟ್ಟೆಯಾ?"

ಹತ್ತು ವಾರದಿಂದ ಅದುಮಿಟ್ಟಿದ್ದೆಲ್ಲ ಆಗ ಕಟ್ಟೆಯೊಡೆಯಿತು.

"ಇಡಲ್ಲ!" ವಿಲಿಸೋನಿ ಕೂಗಿದ. "ನಾಚಿಕೆ ಆಗಲ್ವಾ ನಿಮಗೆ? ಯುವಕ ಸಂಘ ಅಂತೆ! ಟೋಗಿಯ ಮಾಮ, ನಿಮ್ಮ ಬಾಯಲ್ಲಿರೋದು ಕಟ್ಟಿಸಿದ ಹಲ್ಲು! ಅಟಲೋಮಾ ಅಕ್ಕ, ನೀವು ಅಜ್ಜಿ! ಹೌದು, ಅಜ್ಜಿ! ಯುವಕರ ಜಾಗ ಯುವಕರಿಗೆ ಬಿಟ್ಟುಕೊಡಿ. ನಾನಿದ್ದೀನಿ, ನೀವೆಲ್ಲ ಹೋಗಿ!"

ಅಟಲೋಮಾಳ ಕಣ್ಣಲ್ಲಿ ನೀರು ತುಂಬಿತು. ಇನ್ನು ಸಹಿಯ ಕತೆ ಮುಗಿಯಿತು ಎಂದುಕೊಂಡ ವಿಲಿಸೋನಿ. ಅಷ್ಟರಲ್ಲಿ ಟೋಗಿಯ ಎದ್ದ. ಮೊಣಕಾಲು ಲಟಕ್ಕೆಂದಿತು.

"ಮತ್ತೊಂದ್ಸಲ ಹೇಳು ತಮ್ಮಾ. ಕೊನೇದು."

"ನಾನಿದ್ದೀನಿ... ನೀವು ಹೋಗಿ."

"ಪಾದ್ರಿಗಳೇ, ಕೇಳಿಸ್ಕೊಂಡ್ರಾ?" ಟೋಗಿಯ ಮೂಲೆಯತ್ತ ತಿರುಗಿದ. "ಎಳೆಯವನೊಬ್ಬ ತಾನಾಗೇ ಎದ್ದು ನಿಂತು ಈ ಮಾತು ಹೇಳೋವರೆಗೂ ಯುವಕರು ಹಿರಿಯರ ಬೆಂಚಿಗೆ ಹೋಗೋ ಹಾಗಿಲ್ಲ. ನಮ್ಮಜ್ಜಂದಿರ ಕಾಲದ ಕಟ್ಟಳೆ. ಮೂವತ್ತೊಂದು ವರ್ಷದಿಂದ ಕಾಯ್ತಿದ್ದೆ ಕಣಪ್ಪಾ! ಮೀಸೆ ಬಂದೋರೆಲ್ಲ ವಿಮಾನ ಹತ್ತಿ ಹೋದ್ರು. ನನ್ನ ಮೂರು ಮಕ್ಕಳೂ ಹೋದ್ರು. ಈ ಸೊಂಟ ಇಟ್ಕೊಂಡು ಕುರ್ಚಿ ಹೊರೋದು ನಮಗೇನು ಖುಷಿ ಅಂದ್ಕೊಂಡ್ಯಾ?"

ಎರಡು ಸಾಲೂ ಬರೆಯಲಾಗದೆ ವಿಲಿಸೋನಿ ಒದ್ದಾಡಿದ್ದ ಕೃತಜ್ಞತೆಯನ್ನು ಟೋಗಿಯನು ಕಾಗದವಿಲ್ಲದೆ ಕಾಲು ಗಂಟೆ ಹೇಳಿದ. ಅಟಲೋಮಾ ಬಿಕ್ಕುತ್ತಲೇ ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. "ಅಜ್ಜಿ ಅಂದ್ಯಲ್ಲ, ನನ್ನ ಬಂಗಾರ!" ಒಂಬತ್ತೂ ಜನ ಸಾಲಾಗಿ ನಡೆದು ಹಿರಿಯರ ಬೆಂಚಿನಲ್ಲಿ ಕುಳಿತರು. ಹಿರಿಯರು ಚಪ್ಪಾಳೆ ತಟ್ಟಿ ಜಾಗ ಕೊಟ್ಟರು. ಇತ್ತ ಯುವಕರ ಕುರ್ಚಿಗಳೆಲ್ಲ ಖಾಲಿ.

ಪಾದ್ರಿಗಳು ಸಂತೋಷದಿಂದ ಸಹಿ ಹಾಕಿದರು. "ಮುನ್ನಡೆಸಿದ್ದೀಯ ಅನ್ನೋದೇನು, ಇಡೀ ಸಂಘವೇ ನೀನೀಗ!"

ವಿಲಿಸೋನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಮಂಗಳವಾರ ನಾನು..."

"ಅದೆಂಥ ಮಾತು ಮರಿ? 'ನಾನಿದ್ದೀನಿ' ಅಂತ ದೇವರ ಮನೆಯಲ್ಲಿ ನಿಂತು ಹೇಳಿದ್ದೀಯ. ಯುವಕರಿಲ್ಲದ ಚರ್ಚು ಎಲ್ಲಾದರೂ ಉಂಟಾ? ನಿಮ್ಮ ಪ್ರಿನ್ಸಿಪಾಲರು ನನ್ನ ಭಾವಮೈದುನ. ಟೋಗಿಯ ಮಾತಾಡ್ತಿದ್ದಾಗ ಹೊರಗೆ ಹೋಗಿ ಫೋನ್ ಮಾಡಿ ಬಂದೆ. ಒಂದು ವರ್ಷ ಇಟ್ಕೊಳ್ಳಿ ಅಂದ್ರು. ನಿನ್ನಂಥ ಶಿಷ್ಯ ಸಿಕ್ಕಿದ್ದಕ್ಕೆ ಅವರಿಗೂ ಭಾಳ ಕೃತಜ್ಞತೆ ಅಂತೆ."

ಆ ಸಂಜೆ ಹೊಸ ಯುವಕ ಸಂಘದ ಮೊದಲ ಸಭೆ ಚರ್ಚಿನ ಅಡುಗೆಮನೆಯಲ್ಲಿ ಸೇರಿತು. ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯರು ಎಲ್ಲರೂ ಹಾಜರಿದ್ದರು, ಎಲ್ಲರಿಗೂ ಸೇರಿ ಇದ್ದ ಎರಡೇ ಕೈಗಳು ಸೋಪಿನ ನೊರೆಯಲ್ಲಿದ್ದವು.

"ತಮ್ಮಾ!" ಹಿರಿಯರ ಬೆಂಚಿನಿಂದ ಟೋಗಿಯ ಕೂಗಿದ. "ಇವತ್ತಿಂದ ಚಹಾ ಒಂಬತ್ತು ಲೋಟ ಜಾಸ್ತಿ!"