ಒಬ್ಬನೇ ಮಹಾಬಲೇಶ್ವರ, ಎರಡು ಊರು

ಭೂಮಿ ತಲೆಕೆಳಗಾದರೂ ಸರಿ, ಈ ವರ್ಷ ಮಗಳ ಹುಟ್ಟುಹಬ್ಬಕ್ಕೆ ಮನೆಯಲ್ಲಿರುವುದೇ ಸೈ ಎಂದು ಮಹಾಬಲೇಶ್ವರ ವಿಜಯವಾಡದ ಲಾಡ್ಜಿನಲ್ಲಿ ಹಲ್ಲುಜ್ಜುತ್ತ ಭೀಷ್ಮಪ್ರತಿಜ್ಞೆ ಮಾಡಿದ. ಮೂರು ವರ್ಷದಿಂದ ಮೇಧಾ ಕೇಕ್ ಕತ್ತರಿಸುವುದನ್ನು ಅವನು ನೋಡಿದ್ದು ಮೊಬೈಲಿನಲ್ಲೇ. ಮಾರುವುದು ನಾನ್‌ಸ್ಟಿಕ್ ದೋಸೆ ಕಾವಲಿಯಾದರೂ ಹೆಂಡತಿ ಮಗಳಿಗೆ ಅವನಷ್ಟು ಅಂಟಿಕೊಂಡ ಗಂಡಸು ಇಡೀ ಆಂಧ್ರದಲ್ಲಿ ಇನ್ನೊಬ್ಬನಿರಲಿಲ್ಲ. ಹಾಗಂತ ಅವನೇ ಎಲ್ಲರಿಗೂ ಹೇಳುತ್ತಿದ್ದ!

ತೊಂದರೆ ಒಂದೇ. ಕಂಪನಿಯವರು ಅವನ ಫೋನಿಗೆ ಒಂದು ಆ್ಯಪ್ ಹಾಕಿದ್ದರು. ಅವನು ಎಲ್ಲಿದ್ದಾನೆಂದು ಅದು ಗಳಿಗೆಗೊಮ್ಮೆ ಮ್ಯಾನೇಜರಿಗೆ ಚಾಡಿ ಹೇಳುತ್ತಿತ್ತು.

"ಫೋನ್ ನನ್ ಹತ್ರ ಬಿಟ್ಟು ಹೋಗು ಮಾರಾಯ," ಎಂದ ಜೊತೆಯ ಸೇಲ್ಸ್‌ಮನ್ ತಿರುಮಲೇಶ್. "ಇಲ್ಲಿನ ಬೆಂಜ್ ಸರ್ಕಲ್ ಅಂಗಡಿಗಳನ್ನೆಲ್ಲ ನಾನೇ ಅದಕ್ಕೆ ತೋರಿಸ್ತೀನಿ!"

"ಯಮನೇ ಫೋನ್ ಮಾಡಿದ್ರೂ ನಾನು ಅಲ್ಲೇ ಇದೀನಿ ಅನ್ನಬೇಕು, ಆಯ್ತಾ?"

ಎಂಥಾ ತಲೆ! ಫೋನು ವಿಜಯವಾಡದಲ್ಲಿ ದುಡಿಯಲು ಹೊರಟಿತು. ಮಹಾಬಲೇಶ್ವರ ಕಾವಲಿ ಚೀಲ ಹೆಗಲಿಗೇರಿಸಿ ಮನೆಯಿದ್ದ ವಿಶಾಖಪಟ್ಟಣದ ರೈಲು ಹತ್ತಿದ. ಮನೆಗೂ ತಿಳಿಸಲಿಲ್ಲ. ಸರ್‌ಪ್ರೈಸ್ ಅಂದರೆ ಸರ್‌ಪ್ರೈಸ್!

ಐದಕ್ಕೆ ಕೇಕ್. ನಾಲ್ಕೂವರೆಗೆ ಅವನು ಅಪಾರ್ಟ್‌ಮೆಂಟಿನ ಗೇಟು ತಲುಪಿದ. ಹೊಸ ವಾಚ್‌ಮನ್ ದುರ್ಗಾಪ್ರಸಾದ್ ಕೈ ಅಡ್ಡ ಹಿಡಿದ. ಇವನು ಮನೆಗೆ ಬರುವುದು ಭಾನುವಾರ, ಅವನಿಗೆ ರಜೆಯೂ ಭಾನುವಾರ. ಹೀಗಾಗಿ ಒಬ್ಬರ ಮುಖ ಒಬ್ಬರು ಕಂಡವರಲ್ಲ.

"ಎವರು ಸಾರ್ ಮೀರು?"

"ಮುನ್ನೂರ ಎರಡನೇ ಫ್ಲಾಟಿನವನು ಕಣಯ್ಯ! ಮೇಧಾಳ ಅಪ್ಪ!"

ಇಬ್ಬರ ಜಟಾಪಟಿ ನಡೆದದ್ದು ತೆಲುಗಿನಲ್ಲಿ. ವಾಚ್‌ಮನ್ ಪುರಾವೆ ಕೇಳಿದ. ಆಧಾರ್ ಇದ್ದದ್ದು ಫೋನಿನಲ್ಲಿ! ಮಹಾಬಲೇಶ್ವರ ಗತ್ತಿನಿಂದ ಕಂಪನಿಯ ಗುರುತಿನ ಚೀಟಿ ತೆಗೆದುಕೊಟ್ಟ. ದುರ್ಗಾಪ್ರಸಾದ್ ಅದರಲ್ಲಿ 'ಸೇಲ್ಸ್ ಎಕ್ಸಿಕ್ಯೂಟಿವ್' ಎಂದಿದ್ದನ್ನು ಓದಿ, ಕಾವಲಿ ಚೀಲ ನೋಡಿ, ಗೋಡೆಯ ಬೋರ್ಡಿನತ್ತ ಬೆರಳು ತೋರಿಸಿದ. ಸೇಲ್ಸ್‌ಮನ್‌ಗಳಿಗೆ ಪ್ರವೇಶವಿಲ್ಲ! ಆ ಬೋರ್ಡು ಹಾಕಿಸಿದವಳು ನಿವಾಸಿಗಳ ಸಂಘದ ಕಾರ್ಯದರ್ಶಿ ಅನು, ಅಂದರೆ ಮಹಾಬಲೇಶ್ವರನ ಸಾಕ್ಷಾತ್ ಧರ್ಮಪತ್ನಿ.

ಕೊನೆಗೆ ವಾಚ್‌ಮನ್ ಇಂಟರ್‌ಕಾಮ್ ಒತ್ತಿದ. "ಮೇಡಂ, ಒಬ್ಬ ಸೇಲ್ಸ್‌ಮನ್ ಬಂದಿದಾನೆ. ನಿಮ್ಮ ಗಂಡ ಅಂತಾನೆ."

"ಒಂದ್ನಿಮಿಷ ಇರು." ಮಕ್ಕಳ ಗಲಾಟೆಯ ನಡುವೆ ಅನುವಿನ ದನಿ ಮಾಯವಾಗಿ ಮತ್ತೆ ಬಂತು. "ಈಗ್ಲೇ ನಮ್ಮವರ ನಂಬರಿಗೆ ಮಾಡಿದೆ. ತಿರುಮಲೇಶ್ ಎತ್ತಿದ್ರು. ಇವರು ಬೆಂಜ್ ಸರ್ಕಲ್‌ನಲ್ಲೇ ಮೀಟಿಂಗ್‌ನಲ್ಲಿ ಇದಾರಂತೆ. ಅವನನ್ನ ಕಳಿಸಿಬಿಡು!"

"ಅನೂ, ನಾನೇ ಕಣೇ!" ಎಂದು ಕೂಗುವಷ್ಟರಲ್ಲಿ ಲೈನ್ ಕಟ್. ಮಹಾಬಲೇಶ್ವರನ ತಲೆ ಗಿರ್ರೆಂದಿತು. ತಾನು ನಿಜಕ್ಕೂ ಬೆಂಜ್ ಸರ್ಕಲ್‌ನಲ್ಲೇ ಇದ್ದೇನೋ ಏನೋ ಎಂದು ಅವನಿಗೇ ಅನುಮಾನ ಬಂತು.

ದುರ್ಗಾಪ್ರಸಾದನಿಗೂ ಕನಿಕರ ಹುಟ್ಟಿರಬೇಕು. "ಅಪ್ಪ ತಾನೆ? ಹೇಳಿ, ಮೇಧಾ ಪಾಪು ಯಾವ ಕ್ಲಾಸು?"

"ಮೂರು!"

"ನಾಲ್ಕು. ದಿನಾ ಸ್ಕೂಲ್ ಬಸ್ ಹತ್ತಿಸೋನು ನಾನು."

ಶಾಲೆ ಶುರುವಾಗುವ ಜೂನ್ ಬಂದು ಹೋದದ್ದು ಮಹಾಬಲೇಶ್ವರನಿಗೆ ಟಾರ್ಗೆಟ್ಟಿನ ಮೂಲಕ ಗೊತ್ತಿತ್ತೇ ಹೊರತು ಮಗಳ ಮೂಲಕ ಅಲ್ಲ. ನಾಚಿಕೆಯಾಯಿತು. ಚೀಲ ಕೆಳಗಿಟ್ಟು ಗೇಟಿನ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಐದಕ್ಕೆ ಐದು ನಿಮಿಷವಿರುವಾಗ ವಾಚ್‌ಮನ್‌ಗೆ ಚಾಕೊಲೇಟ್ ಕೊಡಲು ಹೊಸ ಫ್ರಾಕಿನ ಮೇಧಾ ಇಳಿದು ಬಂದಳು. "ಅಪ್ಪಾ!" ಎಂದು ಕಿರುಚಿದವಳು ಅವನನ್ನು ಮೇಲಕ್ಕೆ ಎಳೆದುಕೊಂಡೇ ಹೋದಳು.

ಬಾಗಿಲಲ್ಲಿ ಅನು ಕಣ್ಣು ಕಣ್ಣು ಬಿಟ್ಟಳು. "ರೀ! ಹಾಗಾದ್ರೆ ಬೆಂಜ್ ಸರ್ಕಲ್‌ನಲ್ಲಿ ಇರೋರು ಯಾರು?"

"ಅದೂ ನಾನೇ ಕಣೇ!"

"ಅಲ್ಲಿರೋರ ಹತ್ರ ಆಮೇಲೆ ಮಾತಾಡ್ತೀನಿ. ಮೊದ್ಲು ನೀವು ಒಳಗೆ ಬನ್ನಿ!"

ಅಂತೂ ಪ್ರತಿಜ್ಞೆ ನೆರವೇರಿತು! ಚಪ್ಪಾಳೆಯ ನಡುವೆ ಮೇಧಾ ಕೇಕ್ ಕತ್ತರಿಸಿ ಮೊದಲ ತುಂಡು ಎತ್ತಿದಳು. ಮೂರು ವರ್ಷದ ಹಸಿವಿನಿಂದ ಮಹಾಬಲೇಶ್ವರ ಬಗ್ಗಿ 'ಆ' ಎಂದು ಬಾಯಿ ತೆರೆದ. ಅವಳು ತುಂಡನ್ನು ತಟ್ಟೆಗೆ ಹಾಕಿ ಅವನ ಕೈಗಿಟ್ಟಳು.

"ಫಸ್ಟ್ ಪೀಸ್ ವಾಚ್‌ಮನ್ ಅಂಕಲ್‌ಗೆ ಅಂತ ಮಾತು ಕೊಟ್ಟಿದ್ದೆ ಅಪ್ಪ. ನೀನು ಬರ್ತೀಯ ಅಂತ ನಂಗೇನು ಗೊತ್ತಿತ್ತು? ಬೇಗ ಕೊಟ್ಟು ಬಾ!"

ತೆರೆದ ಬಾಯಿ ಮುಚ್ಚಿಕೊಂಡು, ತಟ್ಟೆ ಹಿಡಿದು, ಆಂಧ್ರದ ಅತಿ ಪ್ರೀತಿಯ ಅಪ್ಪ ಮೆಟ್ಟಿಲಿಳಿದ.