ಸುಳ್ಳು ಹೇಳದ ಸೆನ್ಸರ್

ವ್ಯಾನಿನ ಕೆಂಪು ದೀಪ ಹೊತ್ತಿಕೊಳ್ಳುತ್ತಿದ್ದದ್ದು ಬೆಟ್ಟದ ತಿರುವಿನಲ್ಲಿ ಮಾತ್ರ. ಸಪಾಟು ರಸ್ತೆಯಲ್ಲಿ ಅದು ಸಾಧು ಹಸು. ಏರು ಕಂಡೊಡನೆ ಏದುಸಿರು ಬಿಟ್ಟು ನಿಂತೇಬಿಡುತ್ತಿತ್ತು. ಬೀದಿಯವರು ನಿಧಾನಣ್ಣ ಎಂದು ಕರೆಯುವ ಅದರ ಒಡೆಯ, ಬೆಟ್ಟದ ಮೇಲಿದ್ದ ಅತ್ತೆಯನ್ನು ಗಂಟುಮೂಟೆ ಸಮೇತ ತನ್ನ ಮನೆಗೆ ಕರೆತರಲು ಎರಡು ಸಲ ಹೊರಟು, ಎರಡು ಸಲವೂ ಬರಿಗೈಯಲ್ಲಿ ಮರಳಿದ್ದ.

“ಕೆಟ್ಟಿರೋದು ಗಾಡಿನೋ, ನಿಮ್ಮ ಮನಸ್ಸೋ?” ಎಂದು ಹೆಂಡತಿ ತಣ್ಣಗೆ ಕೇಳಿದ್ದಳು. ಆ ಪ್ರಶ್ನೆ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಇವತ್ತೂ ಅತ್ತೆ ಬರದಿದ್ದರೆ ಮನೆಯಲ್ಲಿ ಅವನ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ.

ಬೆಳಗ್ಗೆ ಬಾನೆಟ್ ಎತ್ತಿದ್ದೇ ತಡ, ಎದುರುಮನೆಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಟರ್ಬೊ ಇಂಜಿನ್ನಿಗೆ ಗಾಳಿ ತುಂಬುತ್ತದೆ, ಆ ಗಾಳಿಯ ಒತ್ತಡ ಅಳೆಯುವುದು ಬೂಸ್ಟ್ ಸೆನ್ಸರ್, ಒತ್ತಡ ಸಾಲದು ಎಂದು ಅದು ಹೇಳಿದರೆ ದೀಪ ಹೊತ್ತಿ ಇಂಜಿನ್ ಕುಗ್ಗುತ್ತದೆ ಎಂದು ನಿಧಾನಣ್ಣನೇ ಬಿಡಿಸಿ ಹೇಳಿದ. ಟೈಲರ್ ಕಣ್ಣು ಮುಚ್ಚಿ ತೀರ್ಪು ಕೊಟ್ಟ: “ಸೆನ್ಸರ್ ಸುಳ್ಳು ಹೇಳ್ತಿದೆ. ಬದಲಾಯಿಸಪ್ಪ.”

ಬದಲಾಯಿಸಿದ್ದಾಯಿತು. ತಿರುವಿನಲ್ಲಿ ಹೊಸ ಸೆನ್ಸರೂ ಹಳೆಯದರ ಮಾತನ್ನೇ ಹೇಳಿತು.

ಅಜ್ಜಿ ಹೇಳುತ್ತಿದ್ದ ಕತೆಯೊಂದಿದೆ. ಕೋಟೆ ಬಿರುಕು ಬಿಟ್ಟಿದೆ ಎಂದು ಕೂಗಿದ ಕಾವಲುಗಾರನನ್ನೇ ರಾಜ ಓಡಿಸುತ್ತಾನೆ. ಹೊಸಬ ಬಂದು ಅದನ್ನೇ ಕೂಗುತ್ತಾನೆ. ನಿಧಾನಣ್ಣ ಅದನ್ನು ನೆನೆದು, ಕಾವಲುಗಾರನನ್ನು ಬಿಟ್ಟು ಕೋಟೆಯತ್ತ ಬಗ್ಗಿದ. ಹೆಂಡತಿ ಟಾರ್ಚ್ ಹಿಡಿದಳು. ಟರ್ಬೊದಿಂದ ಗಾಳಿ ಒಯ್ಯುವ ರಬ್ಬರ್ ಪೈಪನ್ನು ಬಿಚ್ಚಿ ಬಗ್ಗಿಸಿದರೆ, ಅಡಿಯಲ್ಲೊಂದು ಸೀಳು ಕಪ್ಪೆಯಂತೆ ಬಾಯಿ ತೆರೆಯಿತು. ಏರಿನಲ್ಲಿ ಗಾಳಿ ಜೋರಾದಾಗಷ್ಟೇ ಬಿಚ್ಚಿಕೊಳ್ಳುವ ಬಾಯಿ.

“ಪಾಪ, ಅದು ನಿಜಾನೇ ಹೇಳ್ತಿತ್ತು,” ಎಂದಳು ಹೆಂಡತಿ. ಟಾರ್ಚ್ ತಗ್ಗಿಸಿ, “ನೀವೂ,” ಎಂದಳು. ಅವಳ ನೋಟ ಎಷ್ಟೋ ದಿನದ ಮೇಲೆ ಮೆತ್ತಗಾಗಿತ್ತು.

ಹೊಸ ಪೈಪು ಹಾಕಿಸಿಕೊಂಡ ವ್ಯಾನು, ಬೀದಿಗೆ ಬೀದಿಯೇ ನೋಡುತ್ತಿದ್ದಂತೆ, ಬೆಟ್ಟವನ್ನು ಆಡಿನಂತೆ ಹತ್ತಿತು.

ಮೇಲೆ ಅತ್ತೆಯ ಕೋಣೆಯಲ್ಲಿ ಗಂಟೂ ಇಲ್ಲ, ಮೂಟೆಯೂ ಇಲ್ಲ. ಕಿಟಕಿಯ ಬಳಿ ನಾಲ್ಕಾರು ಹೆಂಗಸರು ಸ್ವೆಟರ್ ಹೆಣೆಯುತ್ತ ನಗುತ್ತಿದ್ದರು, ನಡುವೆ ಅತ್ತೆ. ಅಳಿಯನನ್ನು ಕಂಡದ್ದೇ ಅತ್ತೆಯ ಕಡ್ಡಿಗಳು ನಿಂತವು. ಅವನನ್ನು ಹೊರಗೆ ಕರೆದೊಯ್ದು ಕೈ ಹಿಡಿದುಕೊಂಡರು.

“ಗಾಡಿ ಕೆಟ್ಟಾಗೆಲ್ಲ ಬದುಕಿದೆಯಾ ಬಡಜೀವವೇ ಅಂದ್ಕೊಂಡೆ, ಅಳಿಯಂದ್ರೇ. ನನ್ನ ಲೋಕ ಇಲ್ಲಿದೆ. ಮಗಳು ಆಸೆಯಿಂದ ಕರೀತಾಳೆ, ಒಲ್ಲೆ ಅಂದ್ರೆ ನೊಂದ್ಕೋತಾಳೆ. ಇವತ್ತೂ ಕೆಟ್ಟಿತು ಅಂದ್ಬಿಡಿ. ನಾನು ಹೇಳಿದ್ದು ನಿಮ್ಮ ಹೊಟ್ಟೇಲೇ ಇರ್ಲಿ.”

ಅವನು ಆಗಲಿ ಎಂದು ತಲೆಯಾಡಿಸಿ ಗಾಡಿ ಹತ್ತಿದ.

ಇಳಿಯುವಾಗ ತಿರುವಿನಲ್ಲಿ ನಿಲ್ಲಿಸಿ, ಆಚೀಚೆ ನೋಡಿ, ತನ್ನದೇ ಗಾಡಿಯ ಬಾನೆಟ್ಟನ್ನು ಕಳ್ಳನಂತೆ ಎತ್ತಿ ಸೆನ್ಸರಿನ ವೈರ್ ಕಿತ್ತ. ಕೆಂಪು ದೀಪ ಹೊತ್ತಿತು. ವ್ಯಾನು ಏದುಸಿರು ಬಿಡುತ್ತ ಮನೆ ಮುಟ್ಟಿತು.

ಹೆಂಡತಿ ದೀಪ ನೋಡಿದಳು, ಖಾಲಿ ಸೀಟು ನೋಡಿದಳು, ಒಳಹೋಗಿ ಟಾರ್ಚ್ ತಂದಳು. ಬೆಳಗ್ಗೆ ತಾನೇ ಬೆಳಕು ಹಿಡಿದಿದ್ದ ಜಾಗಕ್ಕೆ ಮತ್ತೆ ಹಿಡಿದಳು. ವೈರು ನೇತಾಡುತ್ತಿತ್ತು. ಟಾರ್ಚ್ ಆರಿಸಿ ಒಳಗೆ ನಡೆದಳು.

ಟೈಲರ್ ಮಾತ್ರ ವ್ಯಾನಿನೊಳಗೆ ಇಣುಕಿ, ದೀಪ ಕಂಡು, ಹಿಗ್ಗಿ ಹೀರೇಕಾಯಿಯಾದ.

“ಮೊದಲೇ ಹೇಳಿದ್ನಲ್ಲಪ್ಪ, ಸೆನ್ಸರ್ ಸುಳ್ಳು ಹೇಳ್ತಿದೆ ಅಂತ.”